ದಯಾನಂದನ ಕಾಲ್ಬರಹ

ತುಮಕೂರಿನ ಸದಾಶಿವನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ದಯಾನಂದನಿಗೆ ಇದ್ದ ಒಂದೇ ಚಟವೆಂದರೆ ಕುತೂಹಲ. ಬೀಡಿ ಸಿಗರೇಟು ಮುಟ್ಟಿದವನಲ್ಲ, ಇಸ್ಪೀಟಿನ ಮುಖ ನೋಡಿದವನಲ್ಲ. ಆದರೆ ದಾರಿಯಲ್ಲಿ ಯಾರಾದರೂ ಕೆಟ್ಟು ನಿಂತ ಸ್ಕೂಟರನ್ನು ಪಕ್ಕಕ್ಕೆ ವಾಲಿಸುತ್ತಿದ್ದರೆ ಇವನ ಸೈಕಲ್ಲು ತಾನಾಗಿಯೇ ನಿಂತುಬಿಡುತ್ತಿತ್ತು. ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಅವನು ಸ್ಟೋರ್ ಕೀಪರ್. ಯಾರಾದರೂ ಒಂದು ಬೋಲ್ಟು ಕೇಳಲು ಬಂದರೆ ಅದು ಯಾವ ಮಿಷಿನ್ನಿಗೆ, ಹಳೆಯದು ಎಲ್ಲಿ ಹೋಯಿತು, ಮುರಿದಿದ್ದರೆ ಯಾವ ಕಡೆಯಿಂದ ಮುರಿಯಿತು ಎಂದೆಲ್ಲ ವಿಚಾರಿಸಿ ಸಮಾಧಾನವಾದ ಮೇಲೆಯೇ ಕೊಡುತ್ತಿದ್ದ. ಆತುರವಿದ್ದವರು ಪೇಟೆಗೆ ಹೋಗಿ ಸ್ವಂತ ದುಡ್ಡಿನಲ್ಲಿ ಬೋಲ್ಟು ತರುತ್ತಿದ್ದರು.

ಇಂಥ ಮನುಷ್ಯ ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಒಂದು ಭಾನುವಾರ, ಹೆಂಡತಿಯ ತವರಾದ ಗುಬ್ಬಿಯಲ್ಲಿ, ಊಟವಾದ ಮೇಲೆ, ನೀರಿನ ಕಾಲುವೆ ನೆಗೆಯಲು ಹೋದ.

ಅದಕ್ಕೆ ಕಾರಣ ಅವನ ಭಾಮೈದ ತಿಮ್ಮೇಶ್. ಅವನು ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಅಲ್ಲೇ ರೂಮು ಮಾಡಿಕೊಂಡಿದ್ದು ಭಾನುವಾರ ಮಾತ್ರ ಅಪ್ಪ ಅಮ್ಮನ ಹತ್ತಿರ ಬರುತ್ತಿದ್ದ. ಅವತ್ತು ಮನೆಯ ಹಿಂದಿನ ತೆಂಗಿನ ತೋಟದಲ್ಲಿ ದಯಾನಂದನ ಮಗಳು ಕೃತಿಕಾಳಿಗೆ ಓಡುವ ಮೊದಲು ಕೈಕಾಲು ಹೇಗೆ ಸಡಿಲ ಮಾಡಿಕೊಳ್ಳಬೇಕೆಂದು ತೋರಿಸುತ್ತಿದ್ದ. ಹೋಳಿಗೆ ಊಟದ ಭಾರದಲ್ಲಿ ಹಗ್ಗದ ಮಂಚದ ಮೇಲೆ ಕುಳಿತು ನೋಡುತ್ತಿದ್ದ ದಯಾನಂದ, "ನಮ್ ಕಾಲದಲ್ಲಿ ಇವೆಲ್ಲ ಇರ್ಲಿಲ್ಲ. ಕಾಲೇಜಲ್ಲಿ ಲಾಂಗ್ ಜಂಪಿಗೆ ನಂಗೆ ಮೂರನೇ ಪ್ರೈಜ್ ಬಂದಿತ್ತು" ಎಂದ. ನೆಗೆದವರು ಮೂವರೇ ಎಂಬುದನ್ನು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ.

"ಹೌದಾ ಅಪ್ಪಾ? ಈ ಕಾಲುವೆ ನೆಗೀತೀಯಾ?" ಎಂದಳು ಕೃತಿಕಾ.

"ಇದೇನು ಕಾಲುವೆ ಕಣೇ, ಇದು ಗೆರೆ" ಎಂದು ದಯಾನಂದ ಪಂಚೆ ಎತ್ತಿ ಕಟ್ಟಿದ.

ತಿಮ್ಮೇಶ್ ಗಾಬರಿಯಾದ. "ಭಾವ, ಹೊಟ್ಟೆ ತುಂಬ ಉಂಡಿದೀರಾ. ನೆಗೀಲೇಬೇಕು ಅಂದ್ರೆ ಸ್ವಲ್ಪ ಮೈ ಬಿಸಿ ಮಾಡ್ಕೊಂಡು ನೆಗೀರಿ."

"ಬಿಸಿ ಮಾಡೋಕೆ ನಾನೇನು ನಿನ್ನೆ ಸಾರಾ?" ಎಂದು ದಯಾನಂದ ಓಡಿಬಂದು ನೆಗೆದ.

ಕಾಲುವೆ ದಾಟಿದ್ದು ನಿಜ. ಅದನ್ನು ಅವನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಆದರೆ ಆಚೆ ದಡದಲ್ಲಿ ಅವನ ಬಲಗಾಲು ಒಂದು ಒಣ ತೆಂಗಿನ ಮಟ್ಟೆಯ ಮೇಲೆ ಇಳಿಯಿತು. ಮಟ್ಟೆ ಒಂದು ಕಡೆ, ಪಾದ ಒಂದು ಕಡೆ, ದಯಾನಂದ ಮತ್ತೊಂದು ಕಡೆ ಹೋದರು. ಎಲ್ಲರೂ ಓಡಿಬಂದಾಗ ಅವನು ಮಲಗಿದಲ್ಲಿಂದಲೇ ಕೇಳಿದ ಮೊದಲ ಪ್ರಶ್ನೆ, "ದಾಟಿದೆ ತಾನೆ?"

ಮರುದಿನ ತುಮಕೂರಿನಲ್ಲಿ ಡಾಕ್ಟರ್ ಶ್ರೀರಂಜನಿ ಎಂಬವರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. ದಯಾನಂದನೂ ಒಂಟಿಕಾಲಲ್ಲಿ ಎದ್ದು ನಿಂತು ಅವರ ಭುಜದ ಮೇಲಿನಿಂದ ಇಣುಕಿ ನೋಡಿದ.

"ಮೂಳೆ ಮುರಿದಿಲ್ಲ, ಉಳುಕಿದೆ" ಎಂದರು ಡಾಕ್ಟರು. "ಎರಡು ದಿನ ಕಾಲೂರಬೇಡಿ. ಐಸನ್ನ ಬಟ್ಟೇಲಿ ಸುತ್ತಿ ಆಗಾಗ ಇಡಿ. ಬ್ಯಾಂಡೇಜ್ ಕಟ್ಕೊಳ್ಳಿ, ಮಲಗಿದಾಗ ದಿಂಬಿನ ಮೇಲೆ ಕಾಲೆತ್ತಿ ಇಟ್ಕೊಳ್ಳಿ. ಊತ ಇಳಿದ ಮೇಲೆ ಕುರ್ಚಿ ಮೇಲೆ ಕೂತು, ಕಾಲು ಚಾಚಿ, ಹೆಬ್ಬೆರಳೇ ಪೆನ್ನು ಅಂದ್ಕೊಂಡು ಗಾಳೀಲಿ ಅಕ್ಷರ ಬರೀರಿ. ಕೀಲು ಎಲ್ಲಾ ಕಡೆಗೂ ತಿರುಗಿ ಸಡಿಲ ಆಗುತ್ತೆ."

ದಯಾನಂದನ ಕಣ್ಣು ಅರಳಿತು. "ಯಾವ ಅಕ್ಷರ ಡಾಕ್ಟ್ರೇ?"

"ನಿಮಗೆ ಬರೋದು ಯಾವುದಾದರೂ."

ಹೆಂಡತಿ ಸ್ವರ್ಣಲತಾ, "ಇವ್ರೊಬ್ರೇ ಮಾಡಿದ್ರೆ ಸಾಕಾ?" ಎಂದು ಕೇಳಿದಳು. ಅವಳಿಗೆ ಗಂಡನ ಬಗ್ಗೆ ಅನುಭವವಿತ್ತು.

"ಒಬ್ಬರೇ ಮಾಡಿದ್ರೆ ವಾರಕ್ಕೆ ಬಿಟ್ಬಿಡ್ತಾರಮ್ಮ. ಮನೆಯವರೆಲ್ಲ ಜೊತೇಲಿ ಮಾಡಿ, ನಿಮಗೂ ಕಾಲು ಗಟ್ಟಿಯಾಗುತ್ತೆ. ಬೆಳಿಗ್ಗೆ ಸ್ವಲ್ಪ ನಡೀರಿ. ಬಚ್ಚಲು ಒದ್ದೆ ಬಿಡಬೇಡಿ. ಓಡಾಡೋ ಜಾಗದಲ್ಲಿ ಚಪ್ಪಲಿ, ಚೀಲ ಬಿಡಬೇಡಿ. ಬೀಳೋರು ಹೆಚ್ಚಾಗಿ ಮನೇಲೇ ಬೀಳೋದು."

ಈ ಮಾತುಗಳು ದಯಾನಂದನ ಕಿವಿಯವರೆಗೆ ಬಂದು, ಒಳಗೆ ಜಾಗವಿಲ್ಲದ್ದು ಕಂಡು ಹಿಂತಿರುಗಿದವು. ಒಳಗೆಲ್ಲ ಅಕ್ಷರ ತುಂಬಿಕೊಂಡಿತ್ತು.

ಊತ ಇಳಿದ ದಿನವೇ ಅವನು ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಅಭ್ಯಾಸ ಶುರುಮಾಡಿದ. ಶುರುವಾದ ಕೂಡಲೇ ಒಂದು ಧಾರ್ಮಿಕ ಸಮಸ್ಯೆ ಎದ್ದಿತು.

"ಏನ್ರೀ ಅದು ಬರೀತಿರೋದು?" ಎಂದಳು ಸ್ವರ್ಣಲತಾ.

"ಅ."

"ಯಾವ ಅ?"

"ಅ ಆ ಇ ಈ ಅ ಕಣೇ. ಇನ್ಯಾವ ಅ ಇದೆ?"

"ಸರಸ್ವತೀನ ಕಾಲಲ್ಲಿ ಬರೀತಿದೀರಾ? ಪುಸ್ತಕ ಕಾಲಿಗೆ ತಾಗಿದ್ರೆ ಕಣ್ಣಿಗೊತ್ಕೊಳ್ಳೋ ಜನ ನಾವು. ಮಗಳು ಹತ್ತನೇ ಕ್ಲಾಸಿಗೆ ಹೋಗ್ತಿದಾಳೆ, ಅದಾದ್ರೂ ನೆನಪಿದೆಯಾ?"

ದಯಾನಂದ ಪಾದವನ್ನು ಗಾಳಿಯಲ್ಲೇ ನಿಲ್ಲಿಸಿ ಯೋಚಿಸಿದ. ಡಾಕ್ಟರ ಮಾತು ಒಂದು ಕಡೆ, ದೇವರು ಮತ್ತೊಂದು ಕಡೆ. ಕೊನೆಗೆ ಇಂಗ್ಲಿಷ್ ಬರೆಯಬಹುದೆಂದು ರಾಜಿಯಾಯಿತು.

"ಇಂಗ್ಲಿಷಿಗೆ ಸರಸ್ವತಿ ಇಲ್ವೇನಮ್ಮ?" ಎಂದು ಕೃತಿಕಾ ಕೇಳಿದಳು.

ಸ್ವರ್ಣಲತಾ ಕ್ಷಣ ಯೋಚಿಸಿ, "ಇದ್ರೂ ಅವ್ರ ದೇಶದಲ್ಲಿರ್ತಾಳೆ. ಅಲ್ಲಿಗೆ ಇದೆಲ್ಲ ಕಾಣಲ್ಲ" ಎಂದು ಒಳಗೆ ಹೋದಳು. ಸಂಜೆಯ ಹೊತ್ತಿಗೆ ಮೂವರೂ ಜಗುಲಿಯ ಮೇಲೆ ಸಾಲಾಗಿ ಕುಳಿತು ಕಾಲು ಚಾಚಿ ಎಬಿಸಿಡಿ ಬರೆಯತೊಡಗಿದರು. ಸ್ವರ್ಣಲತಾಳ ಕಾಲಕ್ಷರ ಗಂಡನದಕ್ಕಿಂತ ದುಂಡಗಿತ್ತು.

ಎದುರು ಮನೆಯಲ್ಲಿದ್ದವರು ಯೋಗನರಸಿಂಹ, ಅಲಮೇಲಮ್ಮ ದಂಪತಿ. ಯೋಗನರಸಿಂಹ ಅವರು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಜಗುಲಿಯಲ್ಲಿ ಆರಾಮಕುರ್ಚಿ ಹಾಕಿಕೊಂಡು ಪೇಪರಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವುದು ಅವರ ಈಗಿನ ಕೆಲಸ. ಒಂದು ಪುಟ ಮುಗಿಸಿ ಪೇಪರು ಇಳಿಸಿದರೆ ಎದುರಿಗೆ ದಯಾನಂದನ ಅಂಗಾಲು ಕಾಣುತ್ತಿತ್ತು. ಕುರ್ಚಿಯನ್ನು ಎಡಕ್ಕೆ ಸರಿಸಿದರು. ಆಗ ದಯಾನಂದ ಡಬ್ಲ್ಯು ಬರೆಯುತ್ತಿದ್ದುದರಿಂದ ಅಂಗಾಲೂ ಎಡಕ್ಕೆ ಬಂತು. ಬಲಕ್ಕೆ ಸರಿಸಿದರು, ಅದೂ ಬಲಕ್ಕೆ ಬಂತು. ನಾಲ್ಕಾರು ದಿನ ತಡೆದುಕೊಂಡವರು ಒಂದು ಬೆಳಿಗ್ಗೆ ಶರಟು ಹಾಕಿಕೊಂಡು ಗೇಟಿನ ಹತ್ತಿರ ಬಂದೇಬಿಟ್ಟರು.

"ದಯಾನಂದ ಅವರೇ, ನಾನು ನಿಮಗೇನಾದರೂ ತೊಂದರೆ ಕೊಟ್ಟಿದ್ದೀನಾ?"

"ಇಲ್ವಲ್ಲ ಸಾರ್. ಬನ್ನಿ, ಕೂತ್ಕೊಳ್ಳಿ."

"ಮತ್ತೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಪಾದದರ್ಶನ ಮಾಡಿಸ್ತಾ ಇದ್ದೀರಲ್ಲ, ಅದಕ್ಕೆ ಕೇಳಿದೆ."

"ಅಯ್ಯೋ, ಅದು ನಿಮಗಲ್ಲ ಸಾರ್. ಈಗ ತಾನೆ ಎಕ್ಸ್ ಬರೀತಿದ್ದೆ."

"ನನ್ನ ಮನೆ ಕಡೆ ತಿರುಗಿ ಇಂಟು ಮಾರ್ಕು ಹಾಕ್ತಿದ್ದೀರಿ" ಎಂದರು ಯೋಗನರಸಿಂಹ ನಿಧಾನವಾಗಿ. ಮೂವತ್ತು ವರ್ಷ ಇತರರ ಉತ್ತರಗಳಿಗೆ ಆ ಗುರುತು ಹಾಕಿದವರಿಗೆ ಅದರ ಅರ್ಥ ಬೇರೆಯವರು ಹೇಳಬೇಕಾಗಿರಲಿಲ್ಲ.

ದಯಾನಂದ ಬ್ಯಾಂಡೇಜು ಬಿಚ್ಚಿ ತೋರಿಸಿ, ಕಾಲುವೆಯಿಂದ ಹಿಡಿದು ಡಾಕ್ಟರವರೆಗೆ ಎಲ್ಲವನ್ನೂ ವಿವರಿಸಿದ. ಅಷ್ಟರಲ್ಲಿ ಅಲಮೇಲಮ್ಮ ಗಂಡನ ಹಿಂದೆಯೇ ಬಂದು ನಿಂತಿದ್ದರು. ಜಗಳ ಜೋರಾದರೆ ಬಿಡಿಸಬೇಕೆಂದು ಬಂದವರು, ವಿಷಯ ಕೇಳಿ ಜಗಳವನ್ನೇ ಮರೆತರು.

"ದಯಾನಂದ, ಹಳೇ ಉಳುಕಿಗೂ ಇದು ಆಗತ್ತಾ? ಕಲ್ಯಾಣಮಂಟಪದಲ್ಲಿ ಮೆಟ್ಟಿಲು ತಪ್ಪಿ ಬಿದ್ದಾಗಿಂದ ನನ್ನ ಕಾಲು ಮರ ಆದ ಹಾಗೆ ಆಗಿದೆ."

"ಹೇಗೆ ಬಿದ್ರಿ?" ಎಂದ ದಯಾನಂದ ಮುಂದಕ್ಕೆ ಬಾಗಿ. ಅವನಿಗೆ ಕೇಳದೆ ಇರಲಾಗಲಿಲ್ಲ.

ಅಲಮೇಲಮ್ಮ ಆವತ್ತೇ ಅಭ್ಯಾಸ ಶುರುಮಾಡಿದರು. ಹೆಂಡತಿಗೆ ಜೊತೆಯಿರಲೆಂದು ಯೋಗನರಸಿಂಹರೂ ಮಾಡಿದರು. ಆದರೆ ಅವರು ಬರೆದದ್ದು ಆಲ್ಫಾ, ಬೀಟಾ, ತೀಟಾ. ಎರಡು ಜಗುಲಿಗಳೂ ಎದುರುಬದುರು ಬರೆದುಕೊಳ್ಳುತ್ತಿರುವುದನ್ನು ಕಂಡು ಹಾಲಿನವನು ಸೈಕಲ್ ಇಳಿದು ನಿಂತು ನೋಡುತ್ತಿದ್ದ. ತಿಂಗಳಾಗುವಷ್ಟರಲ್ಲಿ ಅಲಮೇಲಮ್ಮನ ಪಾದ ಸರಾಗವಾಗಿ ತಿರುಗತೊಡಗಿತು. ಅವರು ಈ ಸುದ್ದಿಯನ್ನು ದೇವರನಾಮದ ಕ್ಲಾಸಿನಲ್ಲಿ ಹೇಳಿದರು. ಹೇಳಿದ್ದು ಸತ್ಯವನ್ನೇ. ಆದರೆ ಅರ್ಧ ಹೇಳುವಷ್ಟರಲ್ಲಿ ತಂಬೂರಿ ಶ್ರುತಿ ಸೇರಿದ್ದರಿಂದ ಇನ್ನರ್ಧ ಉಳಿದುಹೋಯಿತು. ಡಾಕ್ಟರು, ಎಕ್ಸ್‌ರೇ, ಐಸು ಎಲ್ಲ ಇದ್ದದ್ದು ಆ ಇನ್ನರ್ಧದಲ್ಲಿ.

ಮರುದಿನದಿಂದಲೇ ಜನ ಬರತೊಡಗಿದರು.

ಮೊದಲು ಅಕ್ಕಪಕ್ಕದ ಬೀದಿಯವರು ಬಂದರು, ಆಮೇಲೆ ಕ್ಯಾತಸಂದ್ರದವರು, ಆಮೇಲೆ ಬಸ್ಸಿನಲ್ಲಿ ಬರುವವರು. ದಯಾನಂದ ಪ್ರತಿಯೊಬ್ಬರಿಗೂ, "ನಂಗೇನೂ ಗೊತ್ತಿಲ್ಲ, ಡಾಕ್ಟ್ರು ಹೇಳಿದ್ದನ್ನ ನಾನು ಮಾಡ್ತಿದೀನಿ ಅಷ್ಟೆ" ಎಂದೇ ಶುರುಮಾಡುತ್ತಿದ್ದ. ಬಂದವರು, ಇಷ್ಟು ದೊಡ್ಡ ಮನುಷ್ಯನಿಗೆ ಎಷ್ಟು ವಿನಯ ಎಂದು ತಲೆದೂಗುತ್ತಿದ್ದರು. ಆಮೇಲೆ ಅವನ ಕುತೂಹಲ ಎದ್ದು ಕುಳಿತುಕೊಳ್ಳುತ್ತಿತ್ತು. "ಹೇಗೆ ಬಿದ್ರಿ? ಯಾವ ಕಾಲು ಮುಂದಿತ್ತು? ಕೈಲಿ ಏನಿತ್ತು?" ಯಾವ ಆಸ್ಪತ್ರೆಯಲ್ಲೂ ಇಷ್ಟು ಅಕ್ಕರೆಯಿಂದ ಕೇಳಿಸಿಕೊಳ್ಳದ ಜನ ಅವನೆದುರು ಮನಸ್ಸು ಬಿಚ್ಚಿದರು.

ಕೇಳುತ್ತ ಕೇಳುತ್ತ ಅವನಿಗೊಂದು ವಿಚಿತ್ರ ಹೊಳೆಯಿತು. ಬಿದ್ದವರಲ್ಲಿ ತಾನಾಗಿ ಬಿದ್ದವರು ಒಬ್ಬರೂ ಇರಲಿಲ್ಲ. ಒಬ್ಬರನ್ನು ಸೋಪು ಬೀಳಿಸಿತ್ತು. ಇನ್ನೊಬ್ಬರನ್ನು ಅಳಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಬೀಳಿಸಿತ್ತು. ಒಬ್ಬಾಕೆಯನ್ನು ಬೆಕ್ಕು ಬೀಳಿಸಿತ್ತು, ಆ ಬೆಕ್ಕನ್ನು ಪಕ್ಕದ ಮನೆಯವರು ಸಾಕಿದ್ದರು. ಹೊರಗೆ ಬಿ.ಎಚ್. ರಸ್ತೆಯಲ್ಲಿ ಲಾರಿಗಳ ನಡುವೆ ನುಸುಳಿ ದಿನಾ ಕ್ಷೇಮವಾಗಿ ಮನೆ ಸೇರುವ ಜನ, ಬಚ್ಚಲಿಗೂ ಅಡುಗೆಮನೆಗೂ ನಡುವೆ ಬೀಳುತ್ತಿದ್ದರು. ಇದೇಕೆ ಹೀಗೆ ಎಂದು ದಯಾನಂದ ಯೋಚಿಸುತ್ತಿದ್ದ. ಉತ್ತರ ಡಾಕ್ಟರು ಹೇಳಿದ ಮಾತಿನಲ್ಲೇ ಇತ್ತೆಂಬುದು ಅವನಿಗೆ ನೆನಪಾಗಲಿಲ್ಲ.

ಅವನು ನಿಜವಾಗಿ ತಪ್ಪು ಮಾಡಿದ್ದು ಗೂಳೂರಿನ ಗಂಗಣ್ಣನ ವಿಷಯದಲ್ಲಿ. ಗಂಗಣ್ಣ ಮಂಡಿನೋವಿನ ರೈತ.

"ಬುದ್ಧಿ, ನಂಗೆ ಯಾವ ಅಕ್ಸರ ಕೊಡ್ತೀರಿ?" ಎಂದ ಅವನು.

"ಯಾವುದಾದ್ರೂ ಬರೀಬಹುದು ಗಂಗಣ್ಣ."

"ಯಾವ್ದಾದ್ರೂ ಅಂದ್ರೆ ಹೆಂಗೆ ಬುದ್ಧಿ? ಗುಳಿಗೇನ ಯಾವ್ದಾದ್ರೂ ನುಂಗಕ್ಕಾಯ್ತದಾ? ದೂರದಿಂದ ಬಂದಿವ್ನಿ, ನೋಡಿ ಒಂದು ಕೊಡಿ."

ಸಾಲಿನಲ್ಲಿ ಕುಳಿತ ಜನವೆಲ್ಲ ಇತ್ತ ನೋಡುತ್ತಿತ್ತು. ದಯಾನಂದ ಗಂಟಲು ಸರಿಮಾಡಿಕೊಂಡು, ಗಂಗಣ್ಣ, ಗೂಳೂರು ಎರಡಕ್ಕೂ ಹೊಂದುತ್ತದೆಂದು, "ನಿಮಗೆ ಜಿ" ಎಂದುಬಿಟ್ಟ. ಗಂಗಣ್ಣ ಕೈಮುಗಿದು ಜಿ ತೆಗೆದುಕೊಂಡು ಹೋದ. ಅಲ್ಲಿಂದ ಮುಂದೆ ಅಕ್ಷರವಿಲ್ಲದೆ ಯಾರೂ ಎದ್ದು ಹೋಗಲಿಲ್ಲ. ಸೊಂಟಕ್ಕೆ ಎಸ್ ಒಳ್ಳೆಯದು, ಹಿಮ್ಮಡಿಗೆ ಎಲ್ ಒಳ್ಳೆಯದು, ಬಸುರಿಯರು ಝಡ್ ಬರೆಯಬಾರದು ಎಂಬ ಮಾತುಗಳು ಬಸ್‌ಸ್ಟ್ಯಾಂಡಿನವರೆಗೂ ಹೋದವು. ಅವುಗಳಲ್ಲಿ ಅರ್ಧವನ್ನು ದಯಾನಂದ ಹೇಳಿರಲಿಲ್ಲ. ಇನ್ನರ್ಧವನ್ನು ಹೇಳಿದ್ದ.

"ರೀ, ಇದು ಎಲ್ಲಿಗೋ ಹೋಗ್ತಿದೆ" ಎಂದಳು ಸ್ವರ್ಣಲತಾ.

"ಯಾರಿಗೂ ಕೆಟ್ಟದ್ದು ಆಗ್ತಿಲ್ವಲ್ಲ ಕಣೇ. ಗಾಳೀಲಿ ಬರೀತಾರೆ, ಹೋಗ್ತಾರೆ."

ಒಂದು ದಿನ ಎದುರು ಮನೆಯ ಫೋನಿಗೆ ಕುಣಿಗಲ್ಲಿನಿಂದ ತಿಮ್ಮೇಶನ ಕರೆ ಬಂತು. "ಭಾವ, ಇಲ್ಲಿ ಸ್ಟಾಫ್ ರೂಮಲ್ಲಿ ಮಾತಾಡ್ಕೋತಿದ್ರು. ತುಮಕೂರಲ್ಲಿ ಒಬ್ರು ಅವಧೂತ್ರು ಬಂದವ್ರಂತೆ, ಹೆಬ್ಬೆರಳಲ್ಲಿ ಬರೆದು ನೋವು ತೆಗೀತಾರಂತೆ. ಅದು ನೀವಲ್ಲ ತಾನೆ?"

"ಅವಧೂತ್ರು ಅಂತ ನಾನು ಹೇಳಿಲ್ಲ" ಎಂದ ದಯಾನಂದ.

ಅದೇ ವಾರ ಆರೋಗ್ಯ ಇಲಾಖೆಯವರೆಂದು ಹೇಳಿಕೊಂಡು ಚಿಕ್ಕಹನುಮಯ್ಯ ಎಂಬವರು ಬಂದರು. ಕಂಕುಳಲ್ಲಿ ಚರ್ಮದ ಬ್ಯಾಗು, ಮುಖದಲ್ಲಿ ಸರ್ಕಾರ.

"ನಿಮ್ಮ ಮೇಲೆ ದೂರು ಬಂದಿದೆ. ಲೈಸೆನ್ಸ್ ಇಲ್ದೆ ಚಿಕಿತ್ಸೆ ಕೊಡ್ತಿದೀರಂತೆ. ಫೀಸ್ ತಗೋತೀರಾ?"

"ಇಲ್ಲ ಸಾರ್."

"ಔಷಧಿ? ಎಣ್ಣೆ? ಪಟ್ಟು?"

"ಏನೂ ಇಲ್ಲ ಸಾರ್."

"ಮಂತ್ರ ಹಾಕ್ತೀರಾ?"

"ಎಬಿಸಿಡಿ ಸಾರ್."

ಚಿಕ್ಕಹನುಮಯ್ಯನವರು ಬರೆದುಕೊಳ್ಳಲು ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. "ಪೂರ್ತಿನಾ?"

"ಕೆಲವರಿಗೆ ಒಂದೋ ಎರಡೋ."

ಯಾವ ಕಾನೂನಿನಲ್ಲೂ ಎಬಿಸಿಡಿಗೆ ನಿಷೇಧವಿರಲಿಲ್ಲ. ನಿಷೇಧ ಮಾಡಿದರೆ ಕಾನ್ವೆಂಟುಗಳನ್ನೆಲ್ಲ ಮುಚ್ಚಬೇಕಾಗುತ್ತಿತ್ತು. ಅವರು ಇನ್ನು ಮುಂದೆ ಹುಷಾರಾಗಿರಬೇಕೆಂದು ಎಚ್ಚರಿಕೆ ಕೊಟ್ಟು ಎದ್ದರು. ಬಾಗಿಲವರೆಗೆ ಹೋಗಿ, ಬೀದಿಯ ಎರಡೂ ಕಡೆ ನೋಡಿ, ತಿರುಗಿ ಬಂದು ಕುಳಿತು ಬಲಗಾಲಿನ ಶೂ ಬಿಚ್ಚಿದರು. "ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ತಕ್ಷಣ ಹಿಮ್ಮಡೀಲಿ ಮೊಳೆ ಹೊಡೆದ ಹಾಗೆ ಆಗುತ್ತೆ. ಇದಕ್ಕೆ ಯಾವುದು?"

ಹೀಗೆ ಸರ್ಕಾರದ ಹಿಮ್ಮಡಿಯೂ ಕೈಗೆ ಬಂದ ಮೇಲೆ ದಯಾನಂದನಿಗೆ ಉಳಿದಿದ್ದ ಸ್ವಲ್ಪ ಸಂಶಯವೂ ಹೋಯಿತು. ತನ್ನ ಮಾತಿನಲ್ಲಿ ಏನೋ ಇರಬಹುದು ಎಂದು ಅವನಿಗೇ ಅನ್ನಿಸತೊಡಗಿತು. ಕನ್ನಡಿಯ ಮುಂದೆ ನಿಂತು ಒಂದೆರಡು ಸಲ ತನ್ನ ಹೆಬ್ಬೆರಳನ್ನೂ ನೋಡಿಕೊಂಡ.

ಮುಂದಿನ ಭಾನುವಾರ ಬೆಳಿಗ್ಗೆ ಜಗುಲಿ ತುಂಬ ಜನ ಕುಳಿತಿದ್ದಾಗ ತೆಂಗಿನಕಾಯಿ ಸಾಗಿಸುವ ಟೆಂಪೋ ಒಂದು ಗೇಟಿನ ಮುಂದೆ ನಿಂತಿತು. ಮುಂದಿನ ಸೀಟಿನಿಂದ ಇಳಿದವರು ಗುಬ್ಬಿಯ ಮಾವ ಹೊನ್ನಯ್ಯ. ಹಿಂದೆ, ಹಾಸಿಗೆಯ ಮೇಲೆ, ಅತ್ತೆ ಸಿದ್ದಲಕ್ಷ್ಮಮ್ಮ ಮಲಗಿದ್ದರು.

"ಏನಾಯ್ತು ಮಾವ?" ದಯಾನಂದ ಕುಂಟುತ್ತ ಓಡಿಬಂದ.

"ಗುರುವಾರ ಬಟ್ಟೆ ಒಗಿಯೋ ಕಲ್ಲತ್ರ ಜಾರಿಬಿದ್ಲು. ಕಾಲು ಊದ್ಕೊಂತು. ಗುಬ್ಬಿ ಆಸ್ಪತ್ರೆಗೆ ಹೋಗಾನಾ ಅಂತಿದ್ಲು, ನಾನೇ ಬ್ಯಾಡ ಅಂದೆ. ಊರೋರ್ಗೆಲ್ಲ ವಾಸಿ ಮಾಡ್ತಿರೋ ಅಳೀಮಯ್ಯ ಮನೇಲೇ ಇರುವಾಗ ಆಸ್ಪತ್ರೆ ಯಾಕೆ? ನೀವು ಹೇಳ್ಕೊಡೋ ಥರಾನೇ ಬರಸ್ದೆ. ಗೋಡೆ ಮ್ಯಾಲೆ ಇದ್ದಿಲಲ್ಲಿ ನಾನೇ ದೊಡ್ಡದಾಗಿ ಎ ಬಿ ಸಿ ಬರೆದು, ನೋಡ್ಕೊಂಡು ಬರಿ ಅಂದೆ. ತಿಮ್ಮೇಶ ಬೇರೆ ಇಲ್ಲ, ಹುಡುಗ್ರನ್ನ ಮ್ಯಾಚಿಗೆ ಕರ್ಕೊಂಡು ಹೋಗವ್ನೆ."

ಸಿದ್ದಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಳೀಮಯ್ಯ, ಕಾಲು ಏಳ್ತಾನೇ ಇಲ್ಲ. ಎತ್ತಕ್ಕೋದ್ರೆ ಜೀವ ಹೋದಂಗಾಯ್ತದೆ. ನಾನು ಓದ್ದೋಳಲ್ಲ ನೋಡಿ, ಅದ್ಕೇ ನಂಗೆ ವಾಸಿ ಆಯ್ತಿಲ್ವೇನೋ."

ದಯಾನಂದ ಅವರ ಕಾಲಿನ ಮೇಲಿದ್ದ ಕಂಬಳಿ ಸರಿಸಿ ನೋಡಿದ. ಪಾದದ ಗಂಟು ಎಲ್ಲಿದೆಯೆಂದು ಗೊತ್ತಾಗದಷ್ಟು ಊದಿಕೊಂಡು ನೀಲಿಗಟ್ಟಿತ್ತು. ಪಾದ ಸ್ವಲ್ಪ ಓರೆಯಾಗಿಯೂ ಇತ್ತು. ಎಲ್ಲರನ್ನೂ ಹೇಗೆ ಬಿದ್ದಿರಿ ಎಂದು ಕೇಳುತ್ತಿದ್ದವನಿಗೆ ಅತ್ತೆಯನ್ನು ಕೇಳಲು ಬಾಯಿ ಬರಲಿಲ್ಲ.

"ಮಾವ, ಇದು ನಂಗಾಗಲ್ಲ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಹೊನ್ನಯ್ಯನ ಮುಖ ಸಣ್ಣದಾಯಿತು. "ಯಾರ್ಯಾರ್ಗೋ ಅಕ್ಸರ ಕೊಡ್ತೀರಿ, ಹೆಣ್ಣು ಕೊಟ್ಟ ಅತ್ತೆಗೆ ಮಾತ್ರ ಆಸ್ಪತ್ರೆಯಾ? ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಹೇಳ್ಬುಡಿ. ಯುಗಾದೀಲಿ ಪಂಚೆ ಕೊಟ್ಟಿದ್ದು ಚಿಕ್ಕದಾಯ್ತಾ?"

"ಪಂಚೆ ಸರಿಯಾಗೇ ಇತ್ತು ಮಾವ. ನಂಗೇನೂ ಗೊತ್ತಿಲ್ಲ."

"ಅವ್ರು ಯಾವಾಗ್ಲೂ ಹಂಗೇ ಅನ್ನೋದು" ಎಂದಿತು ಜಗುಲಿಯಿಂದ ಒಂದು ದನಿ. "ಬಲವಂತ ಮಾಡಿ, ಕೊಡ್ತಾರೆ."

ದಯಾನಂದ ಜಗುಲಿಯ ಕಡೆ ತಿರುಗಿದ. ಜನ ಕೈಕಟ್ಟಿಕೊಂಡು ಭಕ್ತಿಯಿಂದ ಕುಳಿತಿದ್ದರು. "ಕೇಳಿ ಇಲ್ಲಿ. ನಿಮಗೆಲ್ಲ ಕೊಟ್ಟ ಅಕ್ಷರ ನನ್ನ ಬಾಯಿಗೆ ಬಂದಿದ್ದು. ಗಂಗಣ್ಣಂಗೆ ಜಿ ಕೊಟ್ಟಿದ್ದು ಅವನ ಹೆಸರು ಗಂಗಣ್ಣ ಅಂತ. ಎಸ್ಸಿಗೂ ಸೊಂಟಕ್ಕೂ ಸಂಬಂಧ ಇಲ್ಲ. ನಾನು ಬೋಲ್ಟು ಕೊಡೋನು. ನೋಡಿ, ನನ್ನ ಕಾಲೇ ಇನ್ನೂ ಸರಿಹೋಗಿಲ್ಲ." ಅವನು ಆಚೆಗೂ ಈಚೆಗೂ ಕುಂಟಿ ತೋರಿಸಿದ.

ಒಬ್ಬಾಕೆ ಪಕ್ಕದವಳಿಗೆ, "ಬೇರೆಯವ್ರ ನೋವೆಲ್ಲ ತಾವೇ ತಗೊಂಡವ್ರೆ, ಪಾಪ" ಎಂದಳು.

ಇದನ್ನು ಕೇಳಿ ಸ್ವರ್ಣಲತಾಳಿಗೆ ಸಾಕಾಯಿತು. ಅವಳು ಟೆಂಪೋ ಹತ್ತಿ ತಾಯಿಯ ಪಕ್ಕ ಕುಳಿತು, "ಅಪ್ಪ, ನೀನು ಬರ್ತೀಯೋ ಇಲ್ಲೇ ಅಕ್ಷರ ತಗೊಂಡು ಕೂತಿರ್ತೀಯೋ, ನಿನ್ನಿಷ್ಟ. ಅಮ್ಮನ್ನ ನಾನು ಕರ್ಕೊಂಡು ಹೋಗ್ತಿದೀನಿ" ಎಂದಳು. ಟೆಂಪೋ ಕುಲುಕಾಡಿದರೆ ನೋವು ಹೆಚ್ಚಾಗುತ್ತದೆಂದು ಯೋಗನರಸಿಂಹ ಅವರು ವರ್ಷಕ್ಕೊಮ್ಮೆ ಮೇಲುಕೋಟೆಗೆ ಹೋಗಲು ಮಾತ್ರ ತೆಗೆಯುತ್ತಿದ್ದ ತಮ್ಮ ಫಿಯೆಟ್ ಕಾರನ್ನು ಶೆಡ್ಡಿನಿಂದ ತೆಗೆದರು. ಜಗುಲಿಯ ಮೇಲಿದ್ದ ಮಂಡಿನೋವು, ಸೊಂಟನೋವುಗಳೆಲ್ಲ ಎದ್ದುಬಂದು ಸಿದ್ದಲಕ್ಷ್ಮಮ್ಮನನ್ನು ಹಾಸಿಗೆ ಸಮೇತ ಎತ್ತಿ, ಎಲ್ಲೂ ತಾಗದಂತೆ ಕಾರಿನ ಹಿಂದಿನ ಸೀಟಿಗೆ ಸಾಗಿಸಿದವು.

ಡಾಕ್ಟರ್ ಶ್ರೀರಂಜನಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಈ ಸಲ ಇಣುಕಿ ನೋಡಲು ದಯಾನಂದನಿಗೆ ಧೈರ್ಯ ಬರಲಿಲ್ಲ.

"ಮುರ್ದಿದೆ. ಯಾವಾಗ ಬಿದ್ದಿದ್ದು?"

"ಗುರುವಾರ" ಎಂದರು ಹೊನ್ನಯ್ಯ.

"ಇಷ್ಟು ದಿನ ಏನ್ ಮಾಡ್ತಿದ್ರಿ?"

"ಬರಸ್ತಿದ್ದೆ."

"ಏನು ಬರೆಸ್ತಿದ್ರಿ?"

ಹೊನ್ನಯ್ಯ ಅಳಿಯನ ಮುಖ ನೋಡಿದರು. ಸ್ವರ್ಣಲತಾ ಗಂಡನ ಮುಖ ನೋಡಿದಳು. ಯೋಗನರಸಿಂಹ ಅವರು ಫ್ಯಾನು ನೋಡಿದರು.

"ಅಕ್ಷರ ಡಾಕ್ಟ್ರೇ" ಎಂದ ದಯಾನಂದ. "ನೀವೇ ಹೇಳಿದ್ರಲ್ಲ, ಗಾಳೀಲಿ ಬರೀರಿ ಅಂತ."

"ನಿಮಗೆ ಹೇಳಿದ್ದೆ" ಎಂದರು ಡಾಕ್ಟರು. ಅವರು ದನಿ ಏರಿಸಲಿಲ್ಲ, ಅದರಿಂದ ಕೇಳುವುದು ಇನ್ನೂ ಕಷ್ಟವಾಯಿತು. "ನಿಮ್ಮ ಕಾಲಿಗೆ. ಮೂಳೆ ಮುರಿದಿಲ್ಲ ಅಂತ ನೋಡಿದ ಮೇಲೆ. ಮುರಿದ ಕಾಲನ್ನ ಹೀಗೆ ಆಡಿಸಿದ್ರೆ ಮೂಳೆ ಜರುಗುತ್ತೆ. ಇನ್ನೂ ಸ್ವಲ್ಪ ಜರುಗಿದ್ರೆ ಇವರು ಜೀವಮಾನವೆಲ್ಲ ಕುಂಟಬೇಕಾಗ್ತಿತ್ತು. ನಾನು ಅವತ್ತು ಇನ್ನೂ ಎಷ್ಟೋ ಹೇಳಿದ್ದೆ. ಏನು ಹೇಳಿದೆ ಅಂತ ಹೇಳಿ ನೋಡೋಣ."

ದಯಾನಂದ ಹೆಂಡತಿಯ ಕಡೆ ತಿರುಗಿದ. ಉತ್ತರ ಹೇಳಿದವಳು ಸ್ವರ್ಣಲತಾ. ಒದ್ದೆ ನೆಲ, ಚಪ್ಪಲಿ, ಬೆಳಗಿನ ನಡಿಗೆ, ಎಲ್ಲ. ಅವಳು ಹೇಳುತ್ತ ಹೋದಂತೆ ದಯಾನಂದನಿಗೆ ತಾನು ಜಗುಲಿಯ ಮೇಲೆ ಕೇಳಿದ್ದ ಕಥೆಗಳೆಲ್ಲ ಒಂದೊಂದಾಗಿ ನೆನಪಾದವು. ಸೋಪು, ಅಳಿಯನ ಚಪ್ಪಲಿ, ಪಕ್ಕದ ಮನೆಯ ಬೆಕ್ಕು. ಊರಿಗೆ ಊರೇ ಬಂದು ಉತ್ತರ ಹೇಳಿಹೋಗಿತ್ತು. ಅವನು ಅದಕ್ಕೆ ಎಬಿಸಿಡಿ ಕೊಟ್ಟು ಕಳಿಸಿದ್ದ.

ಸಿದ್ದಲಕ್ಷ್ಮಮ್ಮನ ಕಾಲಿಗೆ ಸಿಮೆಂಟ್ ಪಟ್ಟಿ ಹಾಕಿ, ವಾಸಿಯಾಗುವವರೆಗೆ ತುಮಕೂರಿನಲ್ಲೇ ಇರಿಸಿಕೊಳ್ಳಲು ಹೇಳಿದರು. ದಯಾನಂದ ಅವತ್ತೇ ಸಂಜೆ ಬಚ್ಚಲನ್ನು ತೆಂಗಿನ ನಾರಿನಿಂದ ಉಜ್ಜಿ ಪಾಚಿ ತೆಗೆದ. ಫ್ಯಾಕ್ಟರಿಯಿಂದ ಪೈಪು ತರಿಸಿ ಅತ್ತೆ ಹಿಡಿದುಕೊಳ್ಳಲು ಗೋಡೆಗೆ ಕೂರಿಸಿದ. ಹಾಗೆ ಕೂರಿಸುವಾಗ ಬೋಲ್ಟು ಯಾವ ಕಡೆಯಿಂದ ಬಿಗಿಯಬೇಕೆಂದು ಯಾರನ್ನೂ ಕೇಳಲಿಲ್ಲ. ಸ್ನಾನ ಮಾಡಿ ಬಂದವರು ನೆಲ ಒರೆಸಿಯೇ ಬರಬೇಕೆಂಬ ನಿಯಮವಾಯಿತು. ಮೊದಲು ಮರೆತವನು ಅವನೇ. ಕೃತಿಕಾ ಅವನನ್ನು ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಬಾಗಿಲಿಂದ ವಾಪಸು ಕಳಿಸಿದಳು. ಚಪ್ಪಲಿಗಳು ಗೋಡೆಯ ಪಕ್ಕಕ್ಕೆ ಹೋದವು, ದಾರಿಯಲ್ಲಿ ಕುಳಿತಿದ್ದ ಅಕ್ಕಿ ಮೂಟೆ ಮೂಲೆಗೆ ಹೋಯಿತು. ಬೆಳಿಗ್ಗೆ ನಡೆದು ಬಂದು ಎಲ್ಲರೂ ರಾಗಿ ಗಂಜಿ ಕುಡಿಯುತ್ತಿದ್ದರು.

ಬರುವ ಜನಕ್ಕೆ ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ನನಗೇನೂ ಗೊತ್ತಿಲ್ಲ ಎಂದರೆ ಅವರು ಹೋಗುತ್ತಿರಲಿಲ್ಲ. ಕೊನೆಗೆ ದಯಾನಂದ ನಿಜವಾದ ಚಿಕಿತ್ಸೆಯನ್ನೇ ಹೇಳತೊಡಗಿದ.

"ಮೊದ್ಲು ಡಾಕ್ಟ್ರಿಗೆ ತೋರಿಸಿ. ಆಮೇಲೆ ಮನೆಯವರೆಲ್ಲ ದಿನಾ ಬೆಳಿಗ್ಗೆ ಎದ್ದು ನಡೀಬೇಕು. ಬಚ್ಚಲು ಒರೆಸ್ಬೇಕು. ಚಪ್ಪಲಿ ಜಾಗದಲ್ಲಿಡ್ಬೇಕು. ಅವಸರ ಮಾಡ್ಬಾರ್ದು."

"ಎಷ್ಟು ದಿನ?"

"ದಿನಾ. ಯಾವಾಗ್ಲೂ."

"ಮನೆಯವ್ರೆಲ್ಲಾನಾ?"

"ಎಲ್ರೂ."

ಜನ ಪರಸ್ಪರ ಮುಖ ನೋಡಿಕೊಂಡರು. "ಅದೆಲ್ಲ ಆಗಲ್ಲ ಸ್ವಾಮಿ. ಒಂದು ಅಕ್ಷರ ಕೊಡೋ ಹಾಗಿದ್ರೆ ಕೊಡಿ" ಎಂದು ಒಬ್ಬ ಎದ್ದ. ವಾರದೊಳಗೆ ಜಗುಲಿ ಖಾಲಿಯಾಯಿತು. ಅವಧೂತರ ಶಕ್ತಿ ಇಳಿದುಹೋಯಿತಂತೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿಯಾಯಿತು. ಚಿಕ್ಕಹನುಮಯ್ಯನವರು ಮಾತ್ರ ಒಂದು ಸಂಜೆ ಬಂದು, ಡಾಕ್ಟರು ಮೆತ್ತನೆ ಚಪ್ಪಲಿ ಹಾಕಿಕೊಳ್ಳಲು ಹೇಳಿದ್ದಾರೆಂದು ತೋರಿಸಿ ಹೋದರು.

ಪಟ್ಟಿ ಬಿಚ್ಚಿದ ದಿನ ಡಾಕ್ಟರೇ ಸಿದ್ದಲಕ್ಷ್ಮಮ್ಮನಿಗೆ, "ಈಗ ಬರೀಬಹುದು" ಎಂದರು. ಮನೆಗೆ ಬಂದು ಕೃತಿಕಾ ಅಜ್ಜಿಗೆ ಎ ಹೇಳಿಕೊಡಲು ಹೋದಳು. ಅಜ್ಜಿ ಒಪ್ಪಲಿಲ್ಲ. "ಕನ್ನಡಾನೇ ಹೇಳ್ಕೊಡು" ಎಂದರು.

"ಅಮ್ಮ, ಸರಸ್ವತಿ" ಎಂದಳು ಸ್ವರ್ಣಲತಾ.

"ಆ ತಾಯಿ ನನ್ ಕೈಗಂತೂ ಬರ್ಲಿಲ್ಲ. ಕಾಲಿಗಾದ್ರೂ ಬರ್ಲಿ ಬುಡು."

ಸಿದ್ದಲಕ್ಷ್ಮಮ್ಮ ದಿನಾ ಜಗುಲಿಯಲ್ಲಿ ಕುಳಿತು, ನಾಲಗೆ ಕಚ್ಚಿಕೊಂಡು, ಅ ದಿಂದ ಶುರುಮಾಡಿ ಬರೆದರು. ಅಲಮೇಲಮ್ಮ ಎದುರು ಜಗುಲಿಯಿಂದ, "ನಿಮ್ಮ ಣ ಸೊಟ್ಟಗಾಯ್ತು, ಇನ್ನೊಂದು ಸಲ ಬರೀರಿ" ಎಂದು ತಿದ್ದುತ್ತಿದ್ದರು. ದಸರೆಯ ಹೊತ್ತಿಗೆ ಊರಿಗೆ ಹೊರಟಾಗ ಅವರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋರ್ಡಿನ ಮುಂದೆ ನಿಂತು, ಸೀರೆಯ ಅಂಚಿನ ಕೆಳಗೆ ಪಾದವನ್ನು ಮೆಲ್ಲಗೆ ಆಡಿಸಿ, "ಗುಬ್ಬಿ" ಎಂದು ಓದಿದರು.

ಚಳಿಗಾಲದ ಒಂದು ಭಾನುವಾರ ದಯಾನಂದ ಗುಬ್ಬಿಗೆ ಹೋಗಿದ್ದ. ಬೆಳಿಗ್ಗೆ ಅತ್ತೆ ಮಾವ ನಡೆಯಲು ಹೊರಟಾಗ ಅವನೂ ಹಿಂದೆ ಹೊರಟ. ಮದುವೆಯಾದಾಗಿನಿಂದ ಹೊನ್ನಯ್ಯ ಹೆಂಡತಿಯ ಜೊತೆ ಎಲ್ಲಿಗೆ ಹೊರಟರೂ ಒಂದು ಕೂಗಳತೆ ಮುಂದೆ ಹೋಗುತ್ತಿದ್ದವರು. ಈಗ ಡಾಕ್ಟರ ಅಪ್ಪಣೆಯ ಪ್ರಕಾರ ಪಕ್ಕದಲ್ಲೇ, ಹೆಂಡತಿಯ ಹೆಜ್ಜೆಗೆ ಹೆಜ್ಜೆ ಇಡುತ್ತ ನಡೆಯುತ್ತಿದ್ದರು. ಟೀ ಅಂಗಡಿಯ ಚಿಕ್ಕಮಾರಯ್ಯ ಲೋಟ ತೊಳೆಯುತ್ತಿದ್ದವನು ಕೈ ನಿಲ್ಲಿಸಿದ.

"ಏನ್ ಹೊನ್ನಯ್ಯಣ್ಣ, ಇಬ್ರೂ ಒಟ್ಗೆ ಹೊಂಟಿದೀರಿ. ಆಸ್ಪತ್ರೆಗಾ?"

ಹೊನ್ನಯ್ಯ ನಿಂತರು. "ಇಲ್ಲ ಕಣಪ್ಪ."

"ಮತ್ತೆ, ಕೋರ್ಟಿಗಾ?"

"ಇಲ್ಲ."

"ಮತ್ತೆಲ್ಲಿಗೆ?"

ಹೊನ್ನಯ್ಯ ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು. "ಎಲ್ಗೂ ಇಲ್ಲ. ಹಿಂಗೇ, ಜೊತೇಲಿ" ಎಂದರು.

ಬೆಂಚಿನ ಮೇಲಿದ್ದವರು ಟೀ ಕುಡಿಯುವುದನ್ನು ಬಿಟ್ಟು ನೋಡಿದರು. "ಹೊನ್ನಯ್ಯಂಗೆ ಏನೋ ಆಗೈತೆ" ಎಂದು ಒಬ್ಬ ಮೆಲ್ಲಗೆ ಹೇಳಿದ್ದು ಹಿಂದೆ ಇದ್ದ ದಯಾನಂದನಿಗೆ ಕೇಳಿಸಿತು. ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕೆಂದು ಅವನ ನಾಲಗೆ ತುರಿಸಿತು. ಬಾಯಿ ಮುಚ್ಚಿಕೊಂಡು ಸುಮ್ಮನಾದ.

ಈ ಮಾತುಕತೆಯಲ್ಲಿ ಸಿದ್ದಲಕ್ಷ್ಮಮ್ಮ ಬಹಳ ದೂರ ಮುಂದೆ ಹೋಗಿಬಿಟ್ಟಿದ್ದರು. ಅದನ್ನು ಕಂಡ ಹೊನ್ನಯ್ಯ ಪಂಚೆ ಎತ್ತಿ ಹಿಡಿದು ಓಡಲು ಹೊರಟರು. ಚಪ್ಪಲಿಯ ಸದ್ದು ಕೇಳಿ ಸಿದ್ದಲಕ್ಷ್ಮಮ್ಮ ತಿರುಗಿ ನೋಡಿದರು.

"ಓಡ್ಬ್ಯಾಡಿ" ಎಂದರು. "ನೆಲ ನೋಡ್ಕೊಂಡು ನಿಧಾನಕ್ಕೆ ಬನ್ನಿ. ನಾನು ನಿಂತಿರ್ತೀನಿ."